ಶೂ ಬ್ರ್ಯಾಂಡ್ ಹೆಸರು: ಟ್ರೇಡ್‌ಮಾರ್ಕ್ ಖಾಲಿ ಇದ್ದರೆ ಸಾಕೇ?

ಅಟ್ಟೆಗಾರ:
ಓಟದ ಶೂಗೆ ಒಂದು ಹೆಸರು ಗೊತ್ತುಮಾಡಿದ್ದೇವೆ. ಬಟ್ಟೆ, ಪಾದರಕ್ಷೆಗಳ ಟ್ರೇಡ್‌ಮಾರ್ಕ್ ವರ್ಗವಾದ ಕ್ಲಾಸ್ 25ರಲ್ಲಿ ಯಾರೂ ಹಿಡಿದಿಲ್ಲ. ಆದರೆ ಕ್ರೀಡಾ ಉಡುಪಿನ ಉಂಬ್ರೊ ಕಂಪನಿಯ ‘ಝೈಕ್ಲಾನ್’ ಪ್ರಕರಣ ಓದಿ ಅಳುಕು ಶುರುವಾಗಿದೆ. ಅರ್ಜಿ ಹಾಕುವ ಮೊದಲು ಇನ್ನೇನು ನೋಡಬೇಕು? ಬಾಕ್ಸ್ ಅಚ್ಚಾದ ಮೇಲೆ ಗೊತ್ತಾದರೆ ಏನು ಗತಿ?

ಹಳೇಕಡತ:
ಟ್ರೇಡ್‌ಮಾರ್ಕ್ ಹುಡುಕಾಟ ಹೇಳುವುದು ಆ ಹೆಸರು ಬೇರೆ ವ್ಯಾಪಾರಿಯ ಕೈಲಿದೆಯೇ ಅಂತ ಮಾತ್ರ. ಉಂಬ್ರೊ 1999ರಿಂದ ‘ಝೈಕ್ಲಾನ್’ ಹೆಸರಲ್ಲಿ ಶೂ ಮಾರಿತು. 2002ರಲ್ಲಿ ಯಹೂದಿ ಸಂಘಟನೆಗಳು ಆಕ್ಷೇಪ ಎತ್ತಿದಾಗ ಕೈಬಿಟ್ಟಿತು. ಝೈಕ್ಲಾನ್ ಬಿ ಸೈನೈಡ್‌ನ ಕೀಟನಾಶಕ. ನಾಜಿಗಳು ಔಷ್ವಿಟ್ಸ್‌ನ ಗ್ಯಾಸ್ ಕೋಣೆಗಳಲ್ಲಿ ಜನರನ್ನು ಕೊಂದದ್ದು ಅದರಿಂದಲೇ. ಅದೇ ವರ್ಷ ಬಾಷ್-ಸೀಮೆನ್ಸ್ ಗೃಹೋಪಕರಣ ಕಂಪನಿಯೂ ಅಮೆರಿಕದಲ್ಲಿ ಇದೇ ಹೆಸರಿಗೆ ಹಾಕಿದ್ದ ಅರ್ಜಿಗಳನ್ನು ವಾಪಸ್ ಪಡೆಯಿತು. ಸರಕುಗಳ ಪಟ್ಟಿಯಲ್ಲಿ ಗ್ಯಾಸ್ ಓವನ್ ಬೇರೆ ಇತ್ತು! ಜರ್ಮನ್ ಕಂಪನಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೆಂದರೆ ನಂಬುವುದು ಕಷ್ಟ.

ಹುಡುಕುವಾಗ ಬಾಕ್ಸ್ ಮೇಲೆ ಬರುವ ಕಾಗುಣಿತದಲ್ಲೇ ಹುಡುಕಿ. ‘ಝೈಕ್ಲಾನ್’ ಅಂದರೆ ಜರ್ಮನ್‌ನಲ್ಲಿ ಸೈಕ್ಲೋನ್. ಅದನ್ನು ‘ಸೈಕ್ಲೋನ್’ ಅಂತ ಇಂಗ್ಲಿಷಿನಲ್ಲಿ ಹಾಕಿದರೆ ಬಿರುಗಾಳಿಯ ಸುದ್ದಿ ಬರುತ್ತದೆಯೇ ಹೊರತು ಈ ವಿಷದ ಸುಳಿವೇ ಸಿಗದು. ವಿಕಿಪೀಡಿಯದಲ್ಲಿ ಲೇಖನಕ್ಕಿಂತ ಮೊದಲು ದ್ವಂದ್ವ ನಿವಾರಣೆ ಪುಟ ತೆರೆಯಿರಿ. ಒಂದೇ ಹೆಸರಿನ ಊರು, ಯುದ್ಧ, ರಾಸಾಯನಿಕ, ದೆವ್ವ ಎಲ್ಲ ಅಲ್ಲೇ ಸಾಲಾಗಿರುತ್ತವೆ. ಆಮೇಲೆ ಗೂಗಲ್ ಬುಕ್ಸ್‌ನಲ್ಲಿ 1950ಕ್ಕಿಂತ ಹಿಂದಿನದ್ದು ಅಂತ ಮಿತಿ ಹಾಕಿ ನೋಡಿ. ಈಗಿನ ಜಾಹೀರಾತುಗಳ ಗದ್ದಲ ಅಲ್ಲಿರುವುದಿಲ್ಲ.

ಜರ್ನಲ್_ಓದುಗ:
ಇಂಥ ಹೆಸರನ್ನು ಟ್ರೇಡ್‌ಮಾರ್ಕ್ ರಿಜಿಸ್ಟ್ರಿ (ನೋಂದಣಿ ಕಚೇರಿ) ಹಿಡಿಯುತ್ತದೆ ಅಂತ ಕೂರಬೇಡಿ. ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 9(2) ತಡೆಯುವುದು ಧಾರ್ಮಿಕ ಭಾವನೆಗೆ ಧಕ್ಕೆ ತರುವ, ಅಶ್ಲೀಲವಾದ ಹೆಸರುಗಳನ್ನು, ಜೊತೆಗೆ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯಲ್ಲಿ ನಿಷೇಧಿಸಿದ ಗಾಂಧಿ, ನೆಹರೂ, ಶಿವಾಜಿಯಂಥವನ್ನು. ಹೆಸರು ಒಬ್ಬ ವ್ಯಕ್ತಿಯದಾಗಿದ್ದರೆ ಸೆಕ್ಷನ್ 14ರಡಿ, ಆ ವ್ಯಕ್ತಿ ಬದುಕಿದ್ದರೆ ಅಥವಾ ತೀರಿಕೊಂಡು 20 ವರ್ಷ ಆಗಿರದಿದ್ದರೆ ಒಪ್ಪಿಗೆ ಪತ್ರ ಕೇಳಬಹುದು. ಯುರೋಪಿನ ಚರಿತ್ರೆ ಕೆದಕುವುದು ಪರೀಕ್ಷಕರ ಕೆಲಸವಲ್ಲ.

ಅರ್ಜಿ ಹಾಕಿದ ಮೇಲೆ ಗೊತ್ತಾದರೆ ಹೆಸರು ತಿದ್ದಲು ಬರುವುದಿಲ್ಲ. ಗುರುತನ್ನು ಗಣನೀಯವಾಗಿ ಬದಲಿಸುವ ತಿದ್ದುಪಡಿಗೆ 2017ರ ಟ್ರೇಡ್‌ಮಾರ್ಕ್ ನಿಯಮಗಳ 37ನೇ ನಿಯಮ ಅವಕಾಶ ಕೊಡುವುದಿಲ್ಲ. ಹಳೆಯದನ್ನು ವಾಪಸ್ ಪಡೆದು ಹೊಸ ಟಿಎಂ-ಎ (ನೋಂದಣಿ ಅರ್ಜಿ ನಮೂನೆ) ಹಾಕಬೇಕು. ಆನ್‌ಲೈನ್ ಶುಲ್ಕ ಪ್ರತಿ ಕ್ಲಾಸ್‌ಗೆ 9,000 ರೂ., ವ್ಯಕ್ತಿ, ಸ್ಟಾರ್ಟಪ್ ಮತ್ತು ಸಣ್ಣ ಉದ್ಯಮಕ್ಕೆ 4,500. ಕಟ್ಟಿದ ದುಡ್ಡು ಹೋಯಿತು ಅಂತಲೇ ಲೆಕ್ಕ. ಅದಕ್ಕಿಂತ ದೊಡ್ಡ ನಷ್ಟ ಹಳೆಯ ಅರ್ಜಿ ದಿನಾಂಕದ್ದು. ನಡುವೆ ಬೇರೆಯವರು ಹೊಸ ಹೆಸರಿಗೆ ಅರ್ಜಿ ಹಾಕಿದ್ದರೆ ನೀವು ಹಿಂದೆ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ.

ರಟ್ಟಿನಪೆಟ್ಟಿಗೆ:
ಬಾಕ್ಸ್ ವಿಷಯ. ರೀಬಾಕ್ 1997ರಲ್ಲಿ ಹೆಂಗಸರ ಓಟದ ಶೂಗೆ ಇಟ್ಟಿದ್ದ ‘ಇಂಕ್ಯುಬಸ್’ ಹೆಸರು ಕೈಬಿಟ್ಟಿತು. ಅದು ಯುರೋಪಿನ ಹಳೆಯ ನಂಬಿಕೆಯಲ್ಲಿ ಮಲಗಿದ ಹೆಂಗಸರ ಮೇಲೆರಗುವ ದೆವ್ವ. ಹೆಸರು ಇದ್ದದ್ದು ಬಾಕ್ಸ್ ಮೇಲೆ, ಶೂ ಮೇಲಲ್ಲ. ಹಾಗಾಗಿ ಮೊದಲ ಲಾಟ್‌ಗೆ ಅಟ್ಟೆಯ ಅಚ್ಚಿನಲ್ಲಾಗಲೀ ನಾಲಿಗೆಯ ಲೇಬಲ್‌ನಲ್ಲಾಗಲೀ ಮಾಡೆಲ್ ಹೆಸರು ಕೊರೆಸಬೇಡಿ. ರಟ್ಟು ಬದಲಿಸುವುದು ಸುಲಭ, ಅಟ್ಟೆಯ ಅಚ್ಚು ಹಾಗಲ್ಲ.

ಬಾಕ್ಸ್ ಮೇಲಿನ ಹೆಸರಿಗೆ ಸ್ಟಿಕರ್ ಅಂಟಿಸುವುದಾದರೆ ಎಂಆರ್‌ಪಿ, ತಯಾರಕರ ವಿಳಾಸ, ತಿಂಗಳು-ವರ್ಷ ಮುಚ್ಚಿಹೋಗಬಾರದು. ಕಡ್ಡಾಯ ವಿವರಗಳನ್ನು ಸ್ಟಿಕರ್‌ನಿಂದ ಬದಲಿಸುವುದು 2011ರ ಪೊಟ್ಟಣ ಸರಕು ನಿಯಮಗಳ ಪ್ರಕಾರ ತಪ್ಪು. ಎಂಆರ್‌ಪಿ ಇಳಿಸುವುದಕ್ಕೆ ಮಾತ್ರ ವಿನಾಯಿತಿ. ಮುಖ್ಯ ಬ್ರ್ಯಾಂಡ್ ಹೆಸರೇ ಬದಲಾದರೆ ಬಾರ್‌ಕೋಡ್ ಸಂಖ್ಯೆಯೂ ಹೊಸದಾಗಬೇಕು. ಹಳೆಯದನ್ನೇ ಉಳಿಸಿಕೊಂಡರೆ ಆನ್‌ಲೈನ್ ಮಳಿಗೆಗಳಲ್ಲಿ ಹೊಸ ಶೂ ಹಳೆಯ ಹೆಸರಿನ ಪುಟಕ್ಕೇ ಹೋಗಿ ಸೇರುತ್ತದೆ.