ಬೆನ್ನಿನ ಆಪರೇಷನ್‌ಗೆ 'ಬ್ಲಾಕ್' ಕೊಡ್ತೀವಿ ಅಂತಿದ್ದಾರೆ, ಒಪ್ಪಬಹುದಾ?

ಮಲೆನಾಡ ಮಗಳು:
ಅಮ್ಮನಿಗೆ ಮುಂದಿನ ವಾರ ಸೊಂಟದ ಎಲ್4-ಎಲ್5 ಮೂಳೆಗಳ ಹತ್ತಿರ ಸ್ಕ್ರೂ, ರಾಡ್ ಹಾಕುವ ಆಪರೇಷನ್ ಇದೆ. ಪ್ರಜ್ಞೆ ತಪ್ಪಿಸಿದ ಮೇಲೆ ಬೆನ್ನಿನ ಎರಡೂ ಕಡೆ ಇಎಸ್‌ಪಿ (ಎರೆಕ್ಟರ್ ಸ್ಪೈನೆ ಪ್ಲೇನ್) ಬ್ಲಾಕ್ ಅಂತ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತೇವೆ, ಎದ್ದಾಗ ನೋವು ಕಡಿಮೆ ಇರುತ್ತದೆ ಅಂದರು ಅನಸ್ತೇಷಿಯಾ ಡಾಕ್ಟರು. ಚಿಕ್ಕಮ್ಮ ಬೇಡವೇ ಬೇಡ ಅಂತಾರೆ. ಸಿಸೇರಿಯನ್‌ನಲ್ಲಿ ಬೆನ್ನಿಗೆ ಸೂಜಿ ಹಾಕಿದ್ದಕ್ಕೇ ಅವರಿಗೆ ಇವತ್ತಿಗೂ ಸೊಂಟನೋವಂತೆ. ಅಮ್ಮನಿಗೆ ಶುಗರ್ ಬೇರೆ ಇದೆ. ಕಾಲಿನ ಬಲ ಹೋಗುತ್ತಾ?

ಅರಿವಳಿಕೆ ವೈದ್ಯ, ಹುಬ್ಬಳ್ಳಿ:
ಚಿಕ್ಕಮ್ಮನವರಿಗೆ ಕೊಟ್ಟಿದ್ದು ನರಗಳ ಸುತ್ತ ಇರುವ ನೀರಿನೊಳಗೆ. ಇದು ಅಲ್ಲಿಗೆ ಹೋಗುವುದೇ ಇಲ್ಲ. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ, ಬೆನ್ನುಮೂಳೆಯ ಪಕ್ಕಕ್ಕೆ ಚಾಚಿರುವ ಎಲುಬಿನ ತುದಿಗೆ ಸೂಜಿ ತಾಗಿಸಿ, ಮೇಲಿನ ಉದ್ದ ಸ್ನಾಯುವಿನ ಅಡಿಗೆ ಬುಪಿವಕೇನ್ ಅಥವಾ ರೋಪಿವಕೇನ್ ಅನ್ನುವ ಮರಗಟ್ಟಿಸುವ ಔಷಧಿ ಬಿಡುತ್ತೇವೆ. ಔಷಧಿ ಅಲ್ಲೇ ಮೇಲೆ ಕೆಳಗೆ ಹರಡಿ, ಬೆನ್ನಿನ ಸ್ನಾಯುಗಳಿಗೆ ಹೋಗುವ ಸಣ್ಣ ನರಗಳನ್ನು ಮರಗಟ್ಟಿಸುತ್ತದೆ. ಕಾಲಿಗೆ ಹೋಗುವ ನರಗಳು ಮುಂದಿನ ಕಡೆ ಇರುತ್ತವೆ, ಹಾಗಾಗಿ ಸಾಮಾನ್ಯವಾಗಿ ಬಲ ಹೋಗುವುದಿಲ್ಲ. ನಮಗೆ ಇದೇ ಮುಖ್ಯ, ಯಾಕೆಂದರೆ ಎದ್ದ ಕೂಡಲೇ ಸರ್ಜನ್ ಕಾಲ್ಬೆರಳು ಆಡಿಸಿ ಅಂತಾರೆ, ಆಗ ಕಾಲು ಜೋಮು ಹಿಡಿದಿದ್ದರೆ ಅದು ಔಷಧಿಯಿಂದಲೋ, ಒಳಗೆ ರಕ್ತ ಹೆಪ್ಪುಗಟ್ಟಿ ನರ ಒತ್ತಿದ್ದರಿಂದಲೋ ಅಂತ ಹೇಳುವುದು ಕಷ್ಟ.

2016ರಲ್ಲಿ ಎದೆಭಾಗದ ನರನೋವಿಗೆ ಅಂತ ಶುರುವಾದ ವಿಧಾನ ಇದು, ಸೊಂಟಕ್ಕೆ ಬಂದದ್ದು ಆಮೇಲೆ. ಮ್ಯಾಜಿಕ್ ಅಲ್ಲ. ಮೊದಲ ದಿನ ಮಾರ್ಫಿನ್, ಫೆಂಟನಿಲ್ ಥರದ ಬಲವಾದ ನೋವಿನ ಔಷಧಿ ಕಡಿಮೆ ಸಾಕಾಗುತ್ತದೆ, ಅದರಿಂದ ವಾಂತಿ, ಮಂಪರು ಕಡಿಮೆ. ಅಷ್ಟೇ ಲಾಭ, ಆದರೆ ವಯಸ್ಸಾದವರಿಗೆ ಅದೂ ದೊಡ್ಡದೇ. ಔಷಧಿ ಜಾಸ್ತಿಯಾಗಿ ರಕ್ತಕ್ಕೆ ಸೇರಿದರೆ ಫಿಟ್ಸ್, ಹೃದಯದ ಬಡಿತದಲ್ಲಿ ಏರುಪೇರು ಆಗಬಹುದು. ಅಪರೂಪ. ತೂಕ ನೋಡಿ ಡೋಸ್ ಲೆಕ್ಕ ಹಾಕುವುದು ಅದಕ್ಕೇ. ಬ್ಲಾಕ್ ಜಾಸ್ತಿ ಹೊತ್ತು ಇರಲಿ ಅಂತ ಡೆಕ್ಸಮೆಥಸೋನ್ ಎಂಬ ಸ್ಟೀರಾಯ್ಡ್ ಸೇರಿಸುವುದುಂಟು, ಅದು ಶುಗರ್ ಏರಿಸುತ್ತದೆ. ಸೇರಿಸುತ್ತೀರಾ ಅಂತ ಕೇಳಿ.

ಕುಡ್ಲದ ಪೇಶೆಂಟ್:
ನನಗೂ ಇದೇ ಕೊಟ್ಟಿದ್ದರು. ಸಂಜೆವರೆಗೆ ಆರಾಮ, ಇಷ್ಟೇನಾ ಅಂದುಕೊಂಡು ಮಾತ್ರೆ ಬೇಡ ಅಂದೆ. ರಾತ್ರಿ ಬ್ಲಾಕ್ ಇಳಿದಾಗ ನೋವು ಒಮ್ಮೆಲೇ ಬಂತು ನೋಡಿ! ನರ್ಸ್ ಹೇಳಿದ ಟೈಮಿಗೆ ಪ್ಯಾರಸಿಟಮಾಲ್ ಎಲ್ಲ ತಗೊಳ್ಳಲಿ, ನೋವು ಇಲ್ಲದಿದ್ದರೂ.

ಸುಮ್ನೆ ಕೇಳ್ತೀನಿ:
ಹೊಲಿಗೆ ಹಾಕುವಾಗ ಸರ್ಜನ್ನೇ ಗಾಯದ ಸುತ್ತ ಮರಗಟ್ಟುವ ಔಷಧಿ ಚುಚ್ಚಿದರೆ ಸಾಕಲ್ವಾ? ಬಿಲ್‌ನಲ್ಲಿ ಇನ್ನೊಂದು ಸಾಲು ಯಾಕೆ?

ಅರಿವಳಿಕೆ ವೈದ್ಯ, ಹುಬ್ಬಳ್ಳಿ:
ಸಣ್ಣ ಡಿಸ್ಕ್ ಆಪರೇಷನ್‌ಗೆ ಅದೇ ಸಾಕು ಅನ್ನುವವರಿದ್ದಾರೆ, ತಪ್ಪೇನಿಲ್ಲ. ಸ್ಕ್ರೂ ಹಾಕುವಾಗ ಸ್ನಾಯು ಅಗಲವಾಗಿ ಬಿಡಿಸಬೇಕಾಗುತ್ತದೆ, ಅಲ್ಲಿ ನಾನು ಬ್ಲಾಕ್ ಕಡೆಗೇ. ಎರಡೂ ಕೊಟ್ಟರೆ ಡೋಸ್ ಸೇರಿಸಿಯೇ ಲೆಕ್ಕ ಹಾಕಬೇಕು. ರೇಟ್ ಮೊದಲೇ ಕೇಳಿ, ಅದರಲ್ಲಿ ಸಂಕೋಚ ಯಾಕೆ?

ಮಲೆನಾಡ ಮಗಳು:
ಥ್ಯಾಂಕ್ಸ್ ಡಾಕ್ಟ್ರೇ. ಅಮ್ಮ ರಕ್ತ ಹೆಪ್ಪುಗಟ್ಟದಂತೆ ಕ್ಲೋಪಿಡೋಗ್ರೆಲ್ ಮಾತ್ರೆ ತಗೋತಾರೆ, ಅದನ್ನು ಅವರು ಕೇಳಲೇ ಇಲ್ಲ. ಹೇಳಬೇಕಾ?

ಅರಿವಳಿಕೆ ವೈದ್ಯ, ಹುಬ್ಬಳ್ಳಿ:
ಇವತ್ತೇ ಫೋನ್ ಮಾಡಿ. ಬ್ಲಾಕ್‌ಗಿಂತ ಆಪರೇಷನ್‌ಗೇ ಅದು ಮುಖ್ಯ, ರಕ್ತಸ್ರಾವದ ವಿಷಯ. ನೀವಾಗಿಯೇ ನಿಲ್ಲಿಸಬೇಡಿ, ಹಾರ್ಟ್ ಡಾಕ್ಟರನ್ನೂ ಕೇಳಿಯೇ ನಿರ್ಧಾರ ಆಗಬೇಕು.