ಬಾನೆಟ್ಟಿನೊಳಗೆ ಹಾವು, ಪದೇ ಪದೇ ಕೈಕೊಡುವ ಕಾರು: ಅನುಭವವಿದ್ದವರು ತಿಳಿಸಿ

ಹಿರಿಯಡ್ಕದಿಂದ ಪ್ರಶ್ನೆ

ನಮ್ಮ ಹಳೆಯ ಕಾರು ಈ ಮಳೆಗಾಲದಲ್ಲಿ ಸ್ಟಾರ್ಟ್ ಆಗದೆ ಸತಾಯಿಸುತ್ತಿದೆ. ಮೊನ್ನೆ ಬಾನೆಟ್ ಎತ್ತಿದಾಗ ಬ್ಯಾಟರಿಯ ಪಕ್ಕದಲ್ಲಿ ಹಾವೊಂದು ಸುತ್ತಿಕೊಂಡು ಮಲಗಿತ್ತು. ನೋಡುತ್ತಿದ್ದಂತೆಯೇ ಎಂಜಿನ್ನಿನ ಅಡಿಗೆ ಸರಿದು ಮರೆಯಾಯಿತು. ಹೊರಗೆ ಹೋಗಿದೆಯೋ ಒಳಗೇ ಇದೆಯೋ ತಿಳಿಯದೆ ಮನೆಯವರು ಯಾರೂ ಕಾರು ಹತ್ತುತ್ತಿಲ್ಲ. ಹೀಗಾದವರು ಏನು ಮಾಡಿದಿರಿ, ದಯವಿಟ್ಟು ತಿಳಿಸಿ.

ಬ್ರಹ್ಮಾವರದಿಂದ ಉತ್ತರ

ಹಾವು ಹೊರಗೆ ಹೋದದ್ದು ಖಚಿತವಾಗುವವರೆಗೆ ದಯವಿಟ್ಟು ಕೀ ತಿರುಗಿಸಬೇಡಿ. ತಿರುಗುವ ಬೆಲ್ಟು ಅಥವಾ ಫ್ಯಾನಿಗೆ ಸಿಕ್ಕಿದರೆ ಹಾವು ತುಂಡಾಗುತ್ತದೆ, ಅರೆಜೀವವಾಗಿ ಉಳಿದರೆ ಬಿಡಿಸಲು ಹೋದವರ ಕೈಗೆ ಕಚ್ಚುತ್ತದೆ. ಅದು ನಾಗರಹಾವಾಗಿದ್ದರಂತೂ ನಮ್ಮ ಕಡೆಯ ಮನೆಗಳಲ್ಲಿ ಆಗುವ ಸಂಕಟವನ್ನು ನಿಮಗೆ ಹೇಳಬೇಕಾಗಿಲ್ಲ. ಸಂಸ್ಕಾರ, ಆಶ್ಲೇಷಾ ಬಲಿ ಎಲ್ಲ ಮಾಡಿಸಿದ ಮೇಲೂ ಹಿರಿಯರ ಮನಸ್ಸಿನಿಂದ ಅದು ಹೋಗುವುದಿಲ್ಲ.

ನಮ್ಮ ಮನೆಯಲ್ಲಿಯೂ ಹೀಗೆಯೇ ಆಗಿತ್ತು. ಕಾರನ್ನು ಇದ್ದಲ್ಲಿಯೇ ಬಿಟ್ಟು, ಬಾನೆಟ್ ತೆರೆದಿಟ್ಟು, ಮಕ್ಕಳನ್ನೂ ನಾಯಿಯನ್ನೂ ಒಳಗೆ ಕಳುಹಿಸಿ, ಅರಣ್ಯ ಇಲಾಖೆಯವರ ಮೂಲಕ ಉರಗ ರಕ್ಷಕರೊಬ್ಬರನ್ನು ಕರೆಸಿದೆವು. ನೆರೆಯವರೆಲ್ಲ ಅದು ಹೆಬ್ಬಾವಿನ ಮರಿ, ಕೈಯಲ್ಲಿಯೇ ಎತ್ತಬಹುದು ಎನ್ನುತ್ತಿದ್ದರು. ಬಂದವರು ಟಾರ್ಚ್ ಬಿಟ್ಟು ನೋಡಿ ಎಲ್ಲರನ್ನೂ ಹಿಂದಕ್ಕೆ ಸರಿಸಿದರು, ಏಕೆಂದರೆ ಅದು ಕೊಳಕು ಮಂಡಲವಾಗಿತ್ತು. ಹೆಬ್ಬಾವಿನ ಮೈಮೇಲಿನ ಪಟ್ಟೆಗಳು ಅಂಕುಡೊಂಕಾಗಿ, ಒಂದರಂತೆ ಒಂದಿಲ್ಲದೆ ಇರುತ್ತವೆ; ಕೊಳಕು ಮಂಡಲದ ಮೈಮೇಲೆ ಕಪ್ಪು ಅಂಚಿನ ಕಂದು ಮಚ್ಚೆಗಳು ಮೂರು ಸಾಲುಗಳಲ್ಲಿ ಅಚ್ಚುಕಟ್ಟಾಗಿ ಹೋಗಿರುತ್ತವೆ. ಕೋಲು ಹತ್ತಿರ ಬಂದಾಗ ಅದು ಪ್ರೆಶರ್ ಕುಕ್ಕರಿನ ಆವಿ ಹೊರಬಿದ್ದಂತೆ ಬುಸುಗುಟ್ಟಿದ್ದು ಅಂಗಳದ ಆಚೆಗೂ ಕೇಳಿಸಿತು. ಇದು ಮೊಟ್ಟೆ ಇಡದೆ ಮರಿಗಳನ್ನೇ ಹೆರುವ ಹಾವು, ಮರಿಗಳಲ್ಲಿಯೂ ಹುಟ್ಟಿನಿಂದಲೇ ವಿಷವಿರುತ್ತದೆ. ಆದ್ದರಿಂದ ಚಿಕ್ಕದೆಂಬ ಕಾರಣಕ್ಕೆ ಯಾವ ಹಾವನ್ನೂ ಮುಟ್ಟಲು ಹೋಗಬಾರದು. ಹೊಡೆಯುವ ಮಾತಂತೂ ಬೇಡ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅವಕ್ಕೆ ಇದೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಮುಂದಿನದು. ಹಾವು ಹೋದ ಮೇಲೆ ಗ್ಯಾರೇಜಿನವರು ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದಾಗ ತೆಂಗಿನ ನಾರು, ಹರಿದ ಚಿಂದಿ, ನೆಲಗಡಲೆ ಸಿಪ್ಪೆ, ಬಾನೆಟ್ಟಿನ ಒಳಪದರದಿಂದ ಕಿತ್ತ ಹತ್ತಿ ಇವೆಲ್ಲ ಸೇರಿದ ಇಲಿಯ ಗೂಡು ಸಿಕ್ಕಿತು. ಪಕ್ಕದ ವೈರುಗಳ ಮೇಲೆ ಹಲ್ಲಿನ ಗುರುತುಗಳಿದ್ದವು. ಅಷ್ಟು ದಿನ ಕಾರು ನಡುದಾರಿಯಲ್ಲಿ ನಿಲ್ಲುತ್ತಿದ್ದುದಕ್ಕೂ ಹಾವು ಬಂದದ್ದಕ್ಕೂ ಕಾರಣ ಒಂದೇ ಆಗಿತ್ತು. ನಿಮ್ಮ ಕಾರಿನದೂ ಬಹುಶಃ ಇದೇ ಕಥೆ. ಹಾವು ಎಂಜಿನ್ನಿನ ಬಿಸಿಗೂ ಬರುತ್ತದೆ, ಮಳೆನೀರು ಬಿಲಕ್ಕೆ ನುಗ್ಗಿದರೂ ಬರುತ್ತದೆ, ಆದರೆ ಮತ್ತೆ ಮತ್ತೆ ಬರುವುದು ಇಲಿಯ ಜಾಡು ಹಿಡಿದು. ಶೆಡ್ಡಿನ ಬದಿಯಲ್ಲಿ ಸೋಗೆ, ಕಟ್ಟಿಗೆ, ತೆಂಗಿನ ಸಿಪ್ಪೆಯ ರಾಶಿ ಇದ್ದರೆ ದೂರಕ್ಕೆ ಹಾಕಿಸಿ, ಕೆಂಪುಕಲ್ಲಿನ ಪಾಗಾರದ ಸಂದುಗಳಿಗೆ ಗಾರೆ ತುಂಬಿಸಿ, ನಾಯಿ ಕೋಳಿಗಳಿಗೆ ಹಾಕಿದ ಅನ್ನ ರಾತ್ರಿ ಅಂಗಳದಲ್ಲಿ ಉಳಿಯದಂತೆ ನೋಡಿಕೊಳ್ಳಿ. ಬೆಳ್ಳುಳ್ಳಿ ನೀರನ್ನೂ ಈಶ್ವರ ಬೇರನ್ನೂ ನಂಬಿ ಕೂರಬೇಡಿ. ಸೀಮೆಎಣ್ಣೆ, ಫಿನಾಯಿಲ್ ಸುರಿಯುವುದು ಇನ್ನೂ ಕೆಟ್ಟದ್ದು. ಹಾವಿನ ಮೈ ಸುಡುತ್ತದೆ, ಅದು ಮತ್ತಷ್ಟು ಒಳಕ್ಕೆ ನುಗ್ಗುತ್ತದೆ, ಬಿಸಿ ಎಂಜಿನ್ನಿನ ಮೇಲೆ ಸೀಮೆಎಣ್ಣೆ ಬಿದ್ದರೆ ಬೆಂಕಿಯೂ ಹತ್ತೀತು.

ಮಂಗಳೂರಿನಿಂದ, ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದವರು

ಕಚ್ಚಿದರೆ ಏನು ಮಾಡಬೇಕೆಂಬುದನ್ನೂ ಇಲ್ಲಿಯೇ ಸೇರಿಸುತ್ತೇನೆ. ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಉಂಗುರ, ಬಳೆ, ವಾಚು ತೆಗೆದು, ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡದಂತೆ ಇರಿಸಿ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕಿದ ವಾಹನದಲ್ಲಿ ಪ್ರತಿವಿಷ ಇರುವ ಆಸ್ಪತ್ರೆಗೆ ನೇರವಾಗಿ ಹೊರಡಿ. ಹಾವನ್ನು ಹಿಡಿದು ತರಬೇಕೆಂದು ಹೊತ್ತು ಕಳೆಯುವವರನ್ನು ಕಂಡು ಮನಸ್ಸು ನೊಂದಿದೆ. ನಮ್ಮಲ್ಲಿ ಕೊಡುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ಮಂಡಲದ ವಿಷ ಏರಿದೆಯೇ ಎಂದು ತಿಳಿಯಲು ರೋಗಿಯ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತಾರೆ. ಅದಕ್ಕೆ ಹಾವು ಬೇಕಾಗಿಲ್ಲ. ಕಟ್ಟುಹಾವು ಕಚ್ಚಿದ ಕಡೆ ನೋವೂ ಊತವೂ ಕಾಣದಿರಬಹುದು, ಆದ್ದರಿಂದ ನೋವಿಲ್ಲವೆಂದು ಮನೆಯಲ್ಲಿ ಉಳಿಯಬೇಡಿ. ರೆಪ್ಪೆಗಳು ಜೋತುಬೀಳತೊಡಗಿದರೆ ವಿಷ ನರಗಳಿಗೆ ತಲುಪಿದೆ ಎಂದೇ ಅರ್ಥ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ನನ್ನ ಮಟ್ಟಿಗೆ ಅದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ.

ಕಾವೂರಿನಿಂದ, ಗ್ಯಾರೇಜಿನ ಕೆಲಸ ಮಾಡುವವರು

ಬ್ರಹ್ಮಾವರದವರ ಮಾತು ಸರಿ. ಹಳೆಯ ಕಾರುಗಳಲ್ಲಿ ಎಂಜಿನ್ನಿಗೂ ಕುಳಿತುಕೊಳ್ಳುವ ಜಾಗಕ್ಕೂ ನಡುವಿನ ತಗಡಿನಲ್ಲಿ ವೈರು ದಾಟಿಸುವ ತೂತುಗಳಿರುತ್ತವೆ. ಅವುಗಳ ರಬ್ಬರ್ ಒಣಗಿ ಬಿದ್ದುಹೋದರೆ ಹಾವು ಆ ದಾರಿಯಿಂದಲೇ ಪೆಡಲಿನ ಬಳಿಗೆ ಇಳಿಯುತ್ತದೆ. ಮೊದಲು ಅವನ್ನು ಬದಲಿಸಿಕೊಳ್ಳಿ. ಓಡಿಸುವಾಗ ಕಾಣಿಸಿಕೊಂಡರೆ ಗಕ್ಕನೆ ಬ್ರೇಕ್ ಹಾಕದೆ, ನಿಧಾನವಾಗಿ ಬದಿಗೆ ತಂದು ನಿಲ್ಲಿಸಿ, ಕೆಳಗಿಳಿದು ಬಾಗಿಲುಗಳನ್ನು ತೆರೆದಿಡಿ. ಇಲಿ ಕಡಿದ ವೈರಿಗೆ ಬರೀ ಟೇಪ್ ಸುತ್ತಿಸಿಕೊಂಡು ಬರಬೇಡಿ, ಬೆಸುಗೆ ಹಾಕಿಸಿ ಮೇಲೆ ಸ್ಲೀವ್ ಹಾಕಿಸಿ; ಕರಾವಳಿಯ ತೇವಕ್ಕೆ ಟೇಪಿನೊಳಗಿನ ತಾಮ್ರ ಬೇಗನೆ ಕಿಲುಬು ಹಿಡಿಯುತ್ತದೆ. ನಿಮ್ಮ ಕಾರು ಕೈಕೊಡುವುದು ಹೆಚ್ಚಾಗಿ ಮಳೆ ಸುರಿದ ಮರುದಿನವೇ ಆಗಿದ್ದರೆ ಅಂಥ ಹಳೆಯ ಜೋಡಣೆ ಎಲ್ಲಿಯಾದರೂ ಇದೆಯೇ ಎಂದು ಮೊದಲು ಹುಡುಕಿಸಿ.