ಕರಾವಳಿ ಮಳೆಯಲ್ಲಿ 12 ಸಾವಿರ ಕಾರ್ಡ್: ಬೈಂಡರೋ, ಡಬ್ಬವೋ?

ಕಡಲ ತಡಿಯವ (ಮಂಗಳೂರು):
ನನ್ನ ಹತ್ತಿರ ಸುಮಾರು 12,000 ಕಾರ್ಡ್ ಇವೆ. ಮುಕ್ಕಾಲು ಪಾಲು ಪೋಕೆಮಾನ್, ಉಳಿದದ್ದು ಕ್ರಿಕೆಟ್ ಅಟ್ಯಾಕ್ಸ್. ಜೊತೆಗೆ ಶಾಲೆಯಲ್ಲಿ ಆಡುತ್ತಿದ್ದ ಕುಸ್ತಿಯ ಟ್ರಂಪ್ ಕಾರ್ಡ್ ಒಂದು ಕಟ್ಟು. ಎಲ್ಲವನ್ನೂ ಪ್ಲಾಸ್ಟಿಕ್ ಜೇಬಿನ ಹಾಳೆಗಳಿರುವ ಬೈಂಡರ್‌ಗಳಲ್ಲಿ ಹಾಕಿ ಮರದ ಕಪಾಟಿನಲ್ಲಿ ಇಟ್ಟಿದ್ದೆ. ಮೊನ್ನೆ ಜುಲೈ ಮಳೆಯಲ್ಲಿ ಒಂದು ಬೈಂಡರ್ ತೆಗೆದರೆ ಹಾಳೆಗೆ ಹಾಳೆ ಅಂಟಿಕೊಂಡಿದೆ. ಮಿನುಗುವ ಹೋಲೋ ಕಾರ್ಡ್‌ಗಳು ಕೆಂಡದ ಮೇಲೆ ಸುಟ್ಟ ಹಪ್ಪಳದ ಹಾಗೆ ಸುರುಟಿವೆ. ಕಪಾಟಿನ ಹಿಂದಿನ ಗೋಡೆ ಮುಟ್ಟಿದರೆ ತಣ್ಣಗೆ, ಒದ್ದೆ ಒದ್ದೆ. ಎಲ್ಲವನ್ನೂ ಡಬ್ಬಕ್ಕೆ ಹಾಕಲೋ, ಬೈಂಡರ್ ಬದಲಿಸಿದರೆ ಸಾಕೋ? ಮನೆಯವಳು ಬಿಟ್ಟುಕೊಟ್ಟಿರುವುದು ಒಂದೇ ಕಪಾಟು ಮಾರಾಯ್ರೆ.

ಸ್ಲೀವ್ ಸುಬ್ಬ (ಬೆಂಗಳೂರು):
ಡಬ್ಬ. ಲೆಕ್ಕ ಹಾಕಿ ನೋಡಿ. ಒಂದು ಹಾಳೆಗೆ 9 ಜೇಬು, ಬೆನ್ನಿಗೆ ಬೆನ್ನು ಇಟ್ಟರೆ 18 ಕಾರ್ಡ್. ನಿಮಗೆ 667 ಹಾಳೆ ಬೇಕು. ಅದೇ ಸ್ಲೀವ್ (ಒಂದೊಂದು ಕಾರ್ಡಿಗೆ ಹಾಕುವ ತೆಳು ಪ್ಲಾಸ್ಟಿಕ್ ಕವರ್) ಇಲ್ಲದ ಸಾವಿರ ಕಾರ್ಡ್ ಸಾಲಾಗಿ ನಿಲ್ಲಿಸಿದರೆ ಒಂದು ಅಡಿ ಚಿಲ್ಲರೆ. 12 ಸಾವಿರಕ್ಕೆ ಸುಮಾರು 12 ಅಡಿ. ಮೂರಡಿ ಅಗಲದ ಕಪಾಟಿನಲ್ಲಿ ನಾಲ್ಕು ಸಾಲಿಗೆ ಮುಗೀತು. ತೂಕ ಮಾತ್ರ 20 ಕೆಜಿ ದಾಟುತ್ತೆ, ಸಜ್ಜಾ ಮೇಲೆ ಏರಿಸೋಕೆ ಹೋಗಬೇಡಿ.

ಇನ್ನೊಂದು ಮಾತು. ಅದರಲ್ಲಿ ನಿಜವಾಗಿ ಬೆಲೆ ಇರುವುದು 400–500 ಇರಬಹುದು. ಅವನ್ನು ಬೇರೆ ತೆಗೆದು ಸ್ಲೀವ್ ಹಾಕಿ. ಉಳಿದವಕ್ಕೆಲ್ಲ ಸುಮ್ನೆ ದುಡ್ಡು ಸುರೀಬೇಡಿ.

ಹುಬ್ಬಳ್ಳಿ ಹುಡುಗ:
ಸುಬ್ಬಣ್ಣ, ಬೆಲೆ ಅಂದ್ರೆ ಏನ್ರೀ? ನಮ್ಮ ಕಾಲದಾಗ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟ್ ಕಾರ್ಡ್ ಬರ್ತಿದ್ವು. ರಬ್ಬರ್ ಬ್ಯಾಂಡ್ ಹಾಕಿ ಪತ್ರಾಸ್ ಶೀಟಿನ ಕೆಳಗೆ ಇಟ್ಟಿದ್ದೆ. ಬೇಸಿಗೆಗೆ ರಬ್ಬರ್ ಕರಗಿ ಮೇಲಿನ ಕಾರ್ಡಿಗೆ ಅಂಟಿತು. ಬಿಡಿಸಲು ಹೋದರೆ ಮುಖವೇ ಕಿತ್ತು ಬಂತು. ಮಾರಿದರೆ ನಾಲ್ಕಾಣೆ ಸಿಗ್ತಿರಲಿಲ್ಲ, ಆದರೂ ಎರಡು ದಿನ ಊಟ ಸೇರಲಿಲ್ಲ. ಅಗ್ಗದ ಕಾರ್ಡ್‌ಗೂ ಮರ್ಯಾದೆ ಇರಲಿ.

ಸ್ಲೀವ್ ಸುಬ್ಬ:
ಮರ್ಯಾದೆ ಬೇಡ ಅಂದೆನಾ? ಡಬ್ಬದಲ್ಲಿ ನೆಟ್ಟಗೆ ನಿಂತರೆ ಅದೂ ಮರ್ಯಾದೆಯೇ. 12 ಸಾವಿರ ಸ್ಲೀವ್ ಹಾಕುತ್ತಾ ಕೂತರೆ ದೀಪಾವಳಿ ಬರುತ್ತೆ ಅಷ್ಟೇ.

ತೀರ್ಥಹಳ್ಳಿ ಅಕ್ಕ:
ಬೈಂಡರೋ ಡಬ್ಬವೋ ಅನ್ನುವುದು ಆಮೇಲಿನ ಮಾತು. ಮೊದಲು ಆ ಗೋಡೆಯಿಂದ ಕಪಾಟನ್ನು ನಾಲ್ಕು ಬೆರಳು ಈಚೆ ಎಳೆಯಿರಿ. ಮತ್ತೆ ಆ ಅಂಟಿದ ಬೈಂಡರ್ ಮೂಸಿ ನೋಡಿ. ಹೊಸ ರೇನ್‌ಕೋಟಿನ ವಾಸನೆ ಬಂದರೆ ಬಹುಪಾಲು ಪಿವಿಸಿ. ಅದನ್ನು ಮೆತ್ತಗೆ ಮಾಡಲು ಬೆರೆಸುವ ಎಣ್ಣೆಯಂಥ ಪದಾರ್ಥ ನಿಧಾನವಾಗಿ ಹೊರಬಂದು ಕಾರ್ಡಿಗೆ ತಾಗುತ್ತೆ. ಪಾಲಿಪ್ರೊಪಿಲೀನ್ ಹಾಳೆಗೆ ಆ ಕಾಟ ಇಲ್ಲ. ಗುಂಡು ರಿಂಗಿನ ಬೈಂಡರ್ ಕೂಡ ಬೇಡ, ರಿಂಗ್ ಒತ್ತಿ ಒಳಗಿನ ಸಾಲಿನ ಕಾರ್ಡಿಗೆ ಕಚ್ಚು ಬೀಳುತ್ತೆ.

ಹುಳಕ್ಕೆ ಅಂತ ನುಸಿ ಗುಳಿಗೆ ಹಾಕಬೇಡಿ. ಅದರ ಆವಿಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತೆ. ನಮ್ಮಲ್ಲಿ ಹಳೇ ಪುಸ್ತಕಕ್ಕೆ ಬಜೆ ತುಂಡು ಇಡುತ್ತಿದ್ದರು, ಅದನ್ನು ಬಟ್ಟೆಯಲ್ಲಿ ಕಟ್ಟಿ ಕಪಾಟಿನ ಮೂಲೆಗೆ ಇಡಿ. ಕಾರ್ಡಿಗೆ ತಾಗದಿರಲಿ.

ಹುಬ್ಬಳ್ಳಿ ಹುಡುಗ:
ತೇವ ಎಳೆಯೋಕೆ ಒಂದು ಗಂಟು ಅಕ್ಕಿ ಇಟ್ಟರೆ ಆಗಲ್ವಾ?

ತೀರ್ಥಹಳ್ಳಿ ಅಕ್ಕ:
ಅಕ್ಕಿಗೆ ಹುಳ ಬರುತ್ತೆ ತಮ್ಮಾ. ಅದು ಊಟಕ್ಕಿರಲಿ.

ಫೀನಿಕ್ಸ್ ಕನ್ನಡಿಗ (ಅರಿಜೋನಾ):
ತಮಾಷೆ ನೋಡಿ, ನಮ್ಮಲ್ಲಿ ಹೋಲೋ ಕಾರ್ಡ್ ಉಲ್ಟಾ ಸುರುಟುತ್ತೆ. ಇಲ್ಲಿ ಗಾಳಿ ಒಣ. ಕಾರ್ಡಿನ ಕಾಗದ ತೇವ ಕುಡಿದು ಹಿಗ್ಗುತ್ತೆ, ಮೇಲಿನ ಫಾಯಿಲ್ ಹಿಗ್ಗಲ್ಲ. ಅದಕ್ಕೇ ಮಂಗಳೂರಿನಲ್ಲಿ ಚಿತ್ರದ ಕಡೆಗೆ ಬಾಗುತ್ತೆ. ಇಲ್ಲಿ ಕಾಗದ ಒಣಗಿ ಕುಗ್ಗುವುದರಿಂದ ಬೆನ್ನಿನ ಕಡೆಗೆ. ಭಾರದ ಪುಸ್ತಕ ಹೇರಿದರೆ ಸಾಲದು. ಗಾಳಿಯ ತೇವಾಂಶ ಶೇಕಡಾ 50ರ ಆಸುಪಾಸಿಗೆ ಬಂದರೆ ಎಷ್ಟೋ ಕಾರ್ಡ್ ನಿಧಾನವಾಗಿ ತಾವೇ ನೆಟ್ಟಗಾಗುತ್ತವೆ.

ಸ್ಲೀವ್ ಸುಬ್ಬ:
ಹಾಗಾದರೆ ಗ್ಯಾಸ್ಕೆಟ್ ಇರುವ ಗಾಳಿಯಾಡದ ಡಬ್ಬ ತಗೊಳ್ಳಿ, ಕಥೆ ಮುಗೀತು.

ತೀರ್ಥಹಳ್ಳಿ ಅಕ್ಕ:
ಜುಲೈಯಲ್ಲಿ ಮುಚ್ಚಿದರೆ ಜುಲೈಯ ಗಾಳಿಯನ್ನೇ ಒಳಗೆ ಕೂಡಿಹಾಕಿದ ಹಾಗೆ. ಒಳಗೇ ಬೂಷ್ಟು. ತೇವ ಹೀರುವ ಸಿಲಿಕಾ ಜೆಲ್ ಇಲ್ಲದೆ ಮುಚ್ಚಬಾರದು. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಚಿಕ್ಕ ಪೊಟ್ಟಣ ಅಲ್ಲ, ಡಬ್ಬಕ್ಕೆ ಕಾಲು ಕೆಜಿಯಾದರೂ ಬೇಕು. ಬಣ್ಣ ಬದಲಾಗುವ ಕಿತ್ತಳೆ ಜೆಲ್ ತಗೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ವಿಷ. ಬಣ್ಣ ತಿರುಗಿದಾಗ 110–120 ಡಿಗ್ರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಅದಕ್ಕೆ ಅಂತಲೇ ಬೇರೆ ಪಾತ್ರೆ ಇಡಿ. ಒಗ್ಗರಣೆ ಬಾಣಲೆ ಮುಟ್ಟಿದರೆ ಇದ್ದ ಕಪಾಟೂ ಹೋಗುತ್ತೆ!

ಫೀನಿಕ್ಸ್ ಕನ್ನಡಿಗ:
ಒಳಗೊಂದು ತೇವಾಂಶ ಮೀಟರ್ ಇಡಿ. ಅಗ್ಗದ ಮೀಟರ್ ಸುಳ್ಳು ಹೇಳಬಹುದು, ಮೊದಲು ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ನಾಲ್ಕು ಹನಿ ನೀರು ಹಾಕಿ. ಕರಗಬಾರದು, ಕೆಸರಿನ ಹಾಗಿರಬೇಕು. ಮೀಟರ್ ಜೊತೆ ಜಿಪ್ ಕವರಿನಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ 75 ತೋರಿಸಬೇಕು.

ಕಡಲ ತಡಿಯವ:
ಎಂಟು ದಿನ ಬಿಟ್ಟು ಬಂದೆ. ಉಪ್ಪಿನ ಪರೀಕ್ಷೆಯಲ್ಲಿ ನನ್ನ ಮೀಟರ್ 71 ತೋರಿಸಿತು, ಅಂದರೆ 4 ಕಡಿಮೆ. ಆ 4 ಸೇರಿಸಿ ನೋಡಿದರೆ ಕೋಣೆಯಲ್ಲಿ 88, ಜೆಲ್ ಹಾಕಿದ ಡಬ್ಬದಲ್ಲಿ 53. ಹಪ್ಪಳಗಳು ಅರ್ಧ ನೆಟ್ಟಗಾಗಿವೆ. ಬೈಂಡರ್ ಮೂಸಿದೆ, ರೇನ್‌ಕೋಟೇ. ಹೊಸ ಪಾಲಿಪ್ರೊಪಿಲೀನ್ ಬೈಂಡರ್ ಒಂದೇ ಒಂದು ಇಟ್ಟುಕೊಂಡೆ, ಮಕ್ಕಳು ಬಂದಾಗ ತಿರುಗಿಸಿ ನೋಡಲಿಕ್ಕೆ. ಬಾಕಿ ಎಲ್ಲ ಡಬ್ಬಕ್ಕೆ.

ಸ್ಲೀವ್ ಸುಬ್ಬ:
ಬೆಲೆ ಇರೋದು ಎಷ್ಟು ಸಿಕ್ಕಿತು?

ಕಡಲ ತಡಿಯವ:
310.

ಹುಬ್ಬಳ್ಳಿ ಹುಡುಗ:
ಟ್ರಂಪ್ ಕಾರ್ಡ್ ಅದರಾಗ ಸೇರ್ಯಾವೇನ್ರೀ?

ಕಡಲ ತಡಿಯವ:
ಅಂಡರ್‌ಟೇಕರ್ ಒಬ್ಬನಿದ್ದಾನೆ. ನಾಲ್ಕೂ ಮೂಲೆ ಸವೆದು ಗುಂಡಗಾಗಿವೆ, ಹಿಂದೆ ಪೆನ್ನಿನಲ್ಲಿ ನನ್ನ ರೋಲ್ ನಂಬರ್.

ಸ್ಲೀವ್ ಸುಬ್ಬ:
ಅದಕ್ಕೂ ಗಟ್ಟಿ ಪ್ಲಾಸ್ಟಿಕ್ಕಿನ ಟಾಪ್‌ಲೋಡರ್ ಕವಚ ಹಾಕ್ತೀರಾ ಗುರುಗಳೇ?

ಕಡಲ ತಡಿಯವ:
ಹಾಕಿ ಆಯ್ತು.